ಮೆಟ್ಟಿಲ ದೀಪ ಮತ್ತು ಕೆಂಪು ಸಿಗ್ನಲ್

ಮಧ್ಯಾಹ್ನ ಒಂದರಿಂದ ಮೂರರವರೆಗೆ ನಮ್ಮ ಕಟ್ಟಡದಲ್ಲಿ ಸದ್ದು ಮಾಡುವ ಹಕ್ಕಿರುವುದು ದೇವರಿಗೊಬ್ಬನಿಗೆ, ಅದೂ ಗುಡುಗುವ ಕಾಲದಲ್ಲಿ. ಉಳಿದವರಿಗೆ ಏನೇನು ಕೂಡದು ಎಂಬುದನ್ನು ಪ್ರವೇಶದ್ವಾರದ ಗೋಡೆಯ ಮೇಲೆ ಗಾಜಿನ ಚೌಕಟ್ಟು ಹಾಕಿ ತೂಗುಬಿಟ್ಟಿದ್ದಾರೆ. ಜಮಖಾನ ಬಡಿಯಬಾರದು, ಮೊಳೆ ಹೊಡೆಯಬಾರದು, ಪಿಯಾನೊ ನುಡಿಸಬಾರದು, ಮಕ್ಕಳು ಚೆಂಡು ಪುಟಿಸಬಾರದು. ಮಾದರಿ ರೈಲು ಓಡಿಸಬಾರದು ಎಂದು ಮಾತ್ರ ಬರೆಯಲು ಮರೆತಿದ್ದರು. ಆ ಒಂದು ಮರೆವಿನ ನೆರಳಿನಲ್ಲಿ ಹಾರ್ಟ್‌ಮುಟ್ ಹೆಗೆಲೆ ಎಂಬ ನಾನು ವರ್ಷಗಟ್ಟಲೆ ಸುಖವಾಗಿದ್ದೆ.

ನನ್ನ ರೈಲು ಇದ್ದದ್ದು ನೆಲಮಾಳಿಗೆಯ ಕೋಣೆಯಲ್ಲಿ. ಒಂದು ನಿಲ್ದಾಣ, ಎರಡು ಸುರಂಗ, ಗಿರಣಿ, ಚರ್ಚು, ರೈಲ್ವೆ ಗೇಟು, ಜೋಡಿಗಳು ಸುತ್ತುತ್ತ ಕುಣಿಯುವ ಒಂದು ಹೋಟೆಲಿನ ಅಂಗಳ. ಬೊಂಬೆಯಾಟ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಎಲ್ಲವನ್ನೂ ಕೋಣೆಯೊಳಗೇ ಕಟ್ಟಿ ಬೆಳೆಸಿದ್ದರಿಂದ ಬಾಗಿಲಲ್ಲಿ ಹೊರಗೆ ತರುವ ಮಾತೇ ಇರಲಿಲ್ಲ. ಕೋಣೆ ಖಾಲಿ ಮಾಡಬೇಕೆಂದರೆ ಗರಗಸ ಹಿಡಿದು ತುಂಡು ತುಂಡು ಮಾಡಬೇಕು. ಮನೆಯೊಳಗೆ ಇಡುವ ಯೋಚನೆಯನ್ನು ನನ್ನ ಹೆಂಡತಿ ಟ್ರೂಡೆ ಎಂದೋ ಮುಗಿಸಿದ್ದಳು. "ಅದು ಮೇಲೆ ಬಂದ ದಿನ ನಾನು ಕೆಳಗೆ ಹೋಗಿ ಮಲಗ್ತೀನಿ, ನೋಡ್ಕೋ" ಎಂದಿದ್ದಳು.

ಸಿಗ್ನಲ್ಲುಗಳ ಉಸ್ತುವಾರಿ ಗೆಳೆಯ ಗಾಟ್ಲೋಬನದು. ಅವನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಹಳೆಯ ಎಕ್ಸ್‌ಚೇಂಜನ್ನು ಕಳಚಿ ಗುಜರಿಗೆ ಹಾಕಿದಾಗ ಅಲ್ಲಿನ ರಿಲೇಗಳನ್ನು, ಬೀದಿಗೆ ಬಿದ್ದ ನಾಯಿಮರಿಗಳನ್ನು ತರುವಂತೆ, ಒಂದೊಂದಾಗಿ ಮನೆಗೆ ತಂದಿದ್ದ. ರಿಲೇಯ ಕೆಲಸ ಬಹಳ ಸರಳ. ಸುರುಳಿಯಲ್ಲಿ ಸ್ವಲ್ಪ ಕರೆಂಟು ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣದ ಒಂದು ನಾಲಗೆಯನ್ನು ಎಳೆದುಕೊಳ್ಳುತ್ತದೆ. ಆ ನಾಲಗೆ ಇನ್ನೊಂದು ಕಡೆಯ ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ರೈಲು ಹಳಿಯ ಒಂದು ತುಂಡನ್ನು ದಾಟಿದರೆ ಟಕ್, ಹಿಂದಿನ ಸಿಗ್ನಲ್ ಕೆಂಪು. ಟಕ್, ಗೇಟು ಇಳಿಯಿತು. ಟಕ್, ಚರ್ಚಿನ ಗಂಟೆ. ಈಗಿನ ಹುಡುಗರು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಮಾಡುತ್ತಾರೆ. ಮಾಡಲಿ. ನಮಗೆ ಆ ಟಕ್ ಕೇಳಿಸದಿದ್ದರೆ ಉಂಡ ಅನ್ನ ಅರಗುವುದಿಲ್ಲ.

ತೊಂದರೆ ಹುಟ್ಟಿದ್ದೂ ಆ ಟಕ್‌ನಿಂದಲೇ. ರಿಲೇಗಳ ಹಲಗೆಯನ್ನು ನಾವು ಬಿಗಿದಿದ್ದ ಗೋಡೆಯಲ್ಲೇ ಮನೆಯನ್ನು ಬೆಚ್ಚಗಿಡುವ ಬಿಸಿನೀರಿನ ಪೈಪು ಮೇಲೇರುತ್ತಿತ್ತು. ನಮ್ಮ ಸದ್ದೆಲ್ಲ ಆ ಪೈಪು ಹತ್ತಿ ನೇರ ಎರಡನೆಯ ಮಹಡಿಯ ಫ್ರೌ ಶ್ವೆಂಕ್ ಅವರ ದಿವಾನಖಾನೆಗೆ ಹೋಗಿ ಕೂರುತ್ತಿತ್ತು. ಫ್ರೌ ಶ್ವೆಂಕ್, ಅಂದರೆ ನಮ್ಮ ಜರ್ಮನ್ನಿನಲ್ಲಿ ಶ್ರೀಮತಿ ಶ್ವೆಂಕ್, ಊರಿನ ನೃತ್ಯಶಾಲೆಯನ್ನು ನಡೆಸಿದವರು. ಮದುವೆಗೆ ಮುಂಚೆ ಎರಡು ಹೆಜ್ಜೆ ಕಲಿಯಲು ಹೋದ ನನ್ನಂಥ ಕೊರಡುಗಳನ್ನೂ ತಾಳಕ್ಕೆ ತಂದವರು. ಅವರ ಕಿವಿಯಿಂದ ತಪ್ಪಿಸಿಕೊಂಡ ಸದ್ದು ಈ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಬೇರೆ ಹೊತ್ತಿನಲ್ಲಿ ಓಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗಾಟ್ಲೋಬನ ಹೆಂಡತಿ ಬೆಳಗ್ಗೆ ಅವನನ್ನು ತೋಟಕ್ಕೆ ಅಟ್ಟುತ್ತಾಳೆ, ಸಂಜೆ ಚರ್ಚಿನ ಗಾಯನ ಮಂಡಳಿಯ ಹಾಡಿಗೆ ಎಳೆದೊಯ್ಯುತ್ತಾಳೆ. ಊಟವಾಗಿ ಅವಳು ಅಡ್ಡಾಗುವ ಆ ಎರಡು ಗಂಟೆಯಷ್ಟೇ ಅವನಿಗೆ ಸ್ವಾತಂತ್ರ್ಯ. ಅವಳು ಗೊರಕೆ ಹೊಡೆದ ಕೂಡಲೇ ಅವನು ನನ್ನ ನೆಲಮಾಳಿಗೆಯಲ್ಲಿರುತ್ತಿದ್ದ.

ಫ್ರೌ ಶ್ವೆಂಕ್ ಮೊದಲ ಸಲ ಇಳಿದು ಬಂದಾಗ ನಾವು ಸಾಕ್ಷಿ ಸಮೇತ ಸಿಕ್ಕಿಬಿದ್ದೆವು. ಸರಕು ಗಾಡಿ ಸುರಂಗ ಹೊಕ್ಕಿತ್ತು, ಗಂಟೆ ಬಾರಿಸುತ್ತಿತ್ತು, ಕುಣಿಯುವ ಜೋಡಿಗಳು ಗಿರಗಿರ ತಿರುಗುತ್ತಿದ್ದವು. ಅವರು ಹೊಸ್ತಿಲಾಚೆಯೇ ನಿಂತರು.

"ಹೆರ್ ಹೆಗೆಲೆ, ಗಂಟೆ ಎಷ್ಟು ಅಂತ ನಿಮ್ಮ ಚರ್ಚೇ ಹೇಳ್ತಿದೆಯಲ್ಲ. ನಿಮಗೆ ಕೇಳಿಸ್ತಿಲ್ವಾ?"

"ಈಗ ನಿಲ್ಲಿಸ್ತೀವಿ, ಫ್ರೌ ಶ್ವೆಂಕ್."

"ನಿಲ್ಲಿಸೋದು ನಿಮಗೆ ಬರಲ್ಲ, ನಿಮ್ಮನ್ನ ಕುಣಿಸಿದವಳು ನಾನು, ನಂಗೊತ್ತು. ಕಟ್ಟಡದ ಮೇಲ್ವಿಚಾರಕರಿಗೆ ಹೇಳಿದ್ದೀನಿ. ಈ ಕೋಣೆ ಸೈಕಲ್ ಇಡೋಕೆ ಬೇಕು ಅಂತ ಉಳಿದವರೂ ಕೇಳ್ತಿದ್ದಾರೆ."

ಸೈಕಲ್ ಎಂಬ ಮಾತು ಕೇಳಿದ್ದೇ ಕಣ್ಣ ಮುಂದೆ ಬಂತು: ಹತ್ತು ಸೈಕಲ್ಲುಗಳು ಒರಗಿ ನಿಂತಿರುವ ಕೋಣೆ, ಮೂಲೆಯಲ್ಲಿ ಗರಗಸದ ಪುಡಿ.

ಮರುದಿನ ಗಾಟ್ಲೋಬ್ ಉಪಾಯ ಹುಡುಕಿಕೊಂಡೇ ಬಂದ. "ಅವರು ಕೆಳಗೆ ಬರಬೇಕಾದ್ರೆ ಮೆಟ್ಟಿಲ ದೀಪ ಒತ್ತಲೇಬೇಕು, ಹೌದೋ ಅಲ್ವೋ? ದೀಪ ಹತ್ತಿದ್ರೆ ನಮ್ಮ ರೈಲು ನಿಲ್ಲಬೇಕು. ಅಷ್ಟೇ ಕಣೋ."

ಮೆಟ್ಟಿಲ ದೀಪ ನಮ್ಮಲ್ಲಿ ಎಲ್ಲ ಮಹಡಿಗಳಿಗೂ ಒಂದೇ. ಯಾವ ಮಹಡಿಯಲ್ಲಿ ಗುಂಡಿ ಒತ್ತಿದರೂ ಮೇಲಿಂದ ಕೆಳಗಿನವರೆಗೆ ಎಲ್ಲ ಬಲ್ಬು ಹತ್ತಿ, ಮೂರು ನಿಮಿಷಕ್ಕೆ ತಾನೇ ಆರುತ್ತದೆ. ಆ ತಂತಿಯನ್ನು ಮುಟ್ಟಲು ಗಾಟ್ಲೋಬ್ ಸುತರಾಂ ಒಪ್ಪಲಿಲ್ಲ. ಎಲ್ಲರ ಕರೆಂಟಿಗೆ ಕೈ ಹಾಕುವುದು ಕಳ್ಳತನ ಎಂದ. ಬದಲಿಗೆ ನನ್ನ ಬಾಗಿಲಿನ ಬೀಗದ ಕಿಂಡಿಯಲ್ಲಿ ಬಟಾಣಿ ಗಾತ್ರದ ಒಂದು ಬೆಳಕಿನ ಕಣ್ಣು ಕೂರಿಸಿದ. ಹೊರಗೆ ಬೆಳಕು ಕಂಡ ಕ್ಷಣ ಅದು ಒಂದು ರಿಲೇಯನ್ನು ಬೀಳಿಸಬೇಕು, ಆ ರಿಲೇ ಬಿದ್ದರೆ ಎಲ್ಲ ಸಿಗ್ನಲ್ ಕೆಂಪಾಗಿ, ಹಳಿಯ ಕರೆಂಟು ಹೋಗಿ, ಗಂಟೆ, ಗಿರಣಿ, ಕುಣಿತ ಎಲ್ಲ ಸ್ತಬ್ಧ. ಕತ್ತಲಾದರೆ ನಿಂತಲ್ಲಿಂದಲೇ ಮತ್ತೆ ಶುರು. ಬಾಗಿಲಿಗೆ ಒಳಗಿನಿಂದ ಹಳೆಯ ಕಂಬಳಿಯನ್ನೂ ಹೊಡೆದೆವು.

ಆಹಾ, ಆ ದಿನಗಳು. ಫ್ರೌ ಶ್ವೆಂಕ್ ಇಳಿದು ಬಂದು ಬಾಗಿಲು ತೆಗೆದರೆ ಇಬ್ಬರು ಮುದುಕರು ಸೇಬಿನ ಮದ್ಯದ ಲೋಟ ಹಿಡಿದು ಪಾಪದವರ ಹಾಗೆ ಕೂತಿರುತ್ತಿದ್ದೆವು. ರೈಲು ಕೆಂಪು ಸಿಗ್ನಲಿನ ಮುಂದೆ ಮೌನವ್ರತ ಹಿಡಿದಿರುತ್ತಿತ್ತು.

"ಏನ್ ಮಾಡ್ತಿದ್ದೀರಿ?"

"ಏನಿಲ್ಲ ಫ್ರೌ ಶ್ವೆಂಕ್, ಸುಮ್ನೆ ಕೂತಿದ್ದೀವಿ. ವಿಶ್ರಾಂತಿಯ ಹೊತ್ತಲ್ವಾ?"

ಅವರು ಹೊಸ್ತಿಲಾಚೆಯಿಂದಲೇ ಕೈ ಚಾಚಿ ಬೆರಳಿನಿಂದ ಎಂಜಿನ್ನಿನ ಚಾವಣಿ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿರುತ್ತಿತ್ತು. ನನ್ನನ್ನು ಒಮ್ಮೆ ದಿಟ್ಟಿಸಿ, ಮೆಟ್ಟಿಲು ಹತ್ತುತ್ತಿದ್ದರು. ಅವರ ಬಾಗಿಲು ಮುಚ್ಚಿ ದೀಪ ಆರಿದರೆ ಟಕ್ ಟಕ್ ಟಕ್, ನಮ್ಮ ಲೋಕ ಎದ್ದು ಕೂರುತ್ತಿತ್ತು. ಗಾಟ್ಲೋಬ್ ನಗು ತಡೆಯಲಾರದೆ ಕರವಸ್ತ್ರ ಕಚ್ಚಿಕೊಳ್ಳುತ್ತಿದ್ದ. ನಾಲ್ಕಾರು ಸಲ ಬಂದು ಅವರು ಬರುವುದನ್ನೇ ಬಿಟ್ಟರು. ಗೆದ್ದೆವು ಎಂದುಕೊಂಡೆವು.

ಅದಾದ ಮೇಲೆ ರೈಲು ತನ್ನಷ್ಟಕ್ಕೆ ತಾನೇ ನಿಲ್ಲತೊಡಗಿತು.

ಹೆಜ್ಜೆ ಸಪ್ಪಳವಿಲ್ಲ, ಬಾಗಿಲ ಸದ್ದಿಲ್ಲ. ಎಕ್ಸ್‌ಪ್ರೆಸ್ ಸೇತುವೆಯ ನಟ್ಟನಡುವೆ ಇರುವಾಗ ಎಲ್ಲ ಕೆಂಪು. ಮೂರು ನಿಮಿಷ ಬಿಟ್ಟು ಹೊರಟರೆ ನಿಲ್ದಾಣಕ್ಕೆ ಒಂದು ಗೇಣು ಇರುವಾಗ ಮತ್ತೆ ಕೆಂಪು. ಕುಣಿಯುವ ಜೋಡಿಗಳನ್ನಂತೂ ಒಂದು ಸುತ್ತು ಮುಗಿಸಲು ಬಿಡುತ್ತಿರಲಿಲ್ಲ. ಗಾಟ್ಲೋಬ್ ನನ್ನ ಬೆಸುಗೆಯನ್ನು ದೂರಿದ. ನಾನು ಅವನ ಗುಜರಿ ರಿಲೇಗಳನ್ನು ದೂರಿದೆ.

"ನಿನ್ನ ಬೆಸುಗೆ ನೋಡಿದ್ರೆ ಹಕ್ಕಿ ಹಿಕ್ಕೆ ಹಾಕಿದ ಹಾಗಿದೆ ಕಣೋ."

"ನಿನ್ನ ರಿಲೇಗಳು ಸತ್ತವರ ಫೋನು ಕೇಳಿ ಕೇಳಿ ಕೆಟ್ಟಿವೆ."

ಮೂರು ದಿನ ಮಾತು ಬಿಟ್ಟೆವು. ಆಮೇಲೆ ರಿಲೇ ಬದಲಿಸಿದೆವು, ತಂತಿ ಬದಲಿಸಿದೆವು, ಬೆಳಕಿನ ಕಣ್ಣನ್ನೇ ಹೊಸದು ತಂದು ಕೂರಿಸಿದೆವು. ಕೊನೆಗೊಂದು ದಿನ ರೈಲು ನಿಂತ ಗಳಿಗೆಯಲ್ಲಿ ಗಾಟ್ಲೋಬ್ ಕಂಬಳಿ ಸರಿಸಿ ಬಾಗಿಲು ತೆರೆದ. ಹೊರಗೆ ದೀಪ ಉರಿಯುತ್ತಿತ್ತು. ಮೆಟ್ಟಿಲ ಮೇಲೆ ನರಪಿಳ್ಳೆಯೂ ಇರಲಿಲ್ಲ.

ಯಾರೋ ಬೇಕೆಂದೇ ಒತ್ತುತ್ತಿದ್ದಾರೆ ಎಂದು ಬೇರೆ ಯಾವ ಊರಿನವನಿಗಾದರೂ ಥಟ್ಟನೆ ಹೊಳೆಯುತ್ತಿತ್ತು. ನಮಗೆ ಹೊಳೆಯಲಿಲ್ಲ. ಜರ್ಮನಿಯ ಉಳಿದವರು ಸ್ವೇಬಿಯಾದ ನಮ್ಮನ್ನು ಜುಗ್ಗರು ಎಂದು ಆಡಿಕೊಳ್ಳುವುದು ಸುಮ್ಮನಲ್ಲ. ಎರಡು ಮಹಡಿಯನ್ನು ಕತ್ತಲಲ್ಲೇ ತಡಕಿಕೊಂಡು ಇಳಿಯುವವರಿದ್ದಾರೆ ನಮ್ಮಲ್ಲಿ. ನಡೆಯಬೇಕಾಗಿಲ್ಲದಿದ್ದರೂ ದೀಪ ಒತ್ತಿ ಎಲ್ಲರ ಕರೆಂಟು ಸುಡುವ ಮನುಷ್ಯ ಈ ನೆಕ್ಕರ್ ನದಿಯ ದಂಡೆಯಲ್ಲಿ ಹುಟ್ಟಿರಲು ಸಾಧ್ಯವೇ ಇಲ್ಲ ಎಂದು ನಾವಿಬ್ಬರೂ ಒಂದೇ ಮನಸ್ಸಿನಿಂದ ತೀರ್ಮಾನಿಸಿದೆವು.

"ದೀಪದ ಟೈಮರ್ ಕೆಟ್ಟಿದೆ" ಎಂದ ಗಾಟ್ಲೋಬ್.

"ಸುಮ್ನೆ ಉರೀತಿದೆ, ನೋಡು. ಎಲ್ಲರ ದುಡ್ಡು" ಎಂದು ನನಗೆ ಹೊಟ್ಟೆ ಉರಿಯಿತು.

ಆ ಹೊಟ್ಟೆಯುರಿಯಲ್ಲಿ ನಾನು ಏನು ಮಾಡಿದೆ ಗೊತ್ತೆ? ಕಟ್ಟಡದ ಮೇಲ್ವಿಚಾರಕ ಹೆರ್ ಲೈಬ್ಲೆಗೆ ನಾನೇ ಫೋನು ಮಾಡಿ ಕರೆದೆ. ನನ್ನ ಕೋಣೆಯನ್ನು ಕಸಿಯಬಲ್ಲ ಒಬ್ಬನೇ ಒಬ್ಬ ಮನುಷ್ಯನನ್ನು, ಮೆಟ್ಟಿಲ ಬಲ್ಬು ಪೋಲಾಗುತ್ತಿದೆ ಎಂದು, ಮನೆ ಬಾಗಿಲಿಗೆ ಕರೆಸಿಕೊಂಡೆ.

ಹೆರ್ ಲೈಬ್ಲೆ ಗುರುವಾರ ಮಧ್ಯಾಹ್ನ ಬಂದರು. ನಿಯಮವನ್ನು ಊಟಕ್ಕಿಂತ ಹೆಚ್ಚು ಪ್ರೀತಿಸುವ ತೆಳ್ಳನೆಯ ಮನುಷ್ಯ. ಟೈಮರನ್ನು ಹತ್ತು ಸಲ ಒತ್ತಿ ನೋಡಿದರು. ಪ್ರತಿ ಸಲವೂ ಸರಿಯಾಗಿ ಮೂರು ನಿಮಿಷ. ಆ ವಾರ ಮೆಟ್ಟಿಲು ಒರೆಸುವ ಸರದಿ ಫ್ರೌ ಶ್ವೆಂಕ್ ಅವರದು. ಸರದಿ ಯಾರದೋ ಅವರ ಬಾಗಿಲಿಗೆ ಬರುವ ಪುಟ್ಟ ಫಲಕ ಆಗ ಅವರ ಬಾಗಿಲಲ್ಲಿ ತೂಗುತ್ತಿತ್ತು. ಅವರು ಬಕೆಟ್ ಪಕ್ಕದಲ್ಲಿಟ್ಟುಕೊಂಡು ಎಲ್ಲ ನೋಡುತ್ತಿದ್ದರು.

"ಯಂತ್ರ ಸರಿಯಾಗಿದೆ. ಯಾರೋ ಒತ್ತುತ್ತಿರಬೇಕು" ಎಂದರು ಲೈಬ್ಲೆ.

"ಈ ಮನೇಲಾ?" ಎಂದೆ ನಾನು.

"ಛೆ, ಎಂಥಾ ಮಾತು" ಎಂದರು ಫ್ರೌ ಶ್ವೆಂಕ್, ಬಟ್ಟೆ ಹಿಂಡುತ್ತ.

ಲೈಬ್ಲೆ ಕೈಚೀಲದಿಂದ ಇನ್ನೊಂದು ಕಾಗದ ತೆಗೆದರು. "ಹೇಗೂ ಬಂದಿದ್ದೀನಿ. ಫ್ರೌ ಶ್ವೆಂಕ್ ಅವರ ಹಳೇ ದೂರೊಂದಿದೆ, ಅದನ್ನೂ ಮುಗಿಸಿಬಿಡೋಣ. ಹೆರ್ ಹೆಗೆಲೆ, ಒಂದು ಗಂಟೆ ಹೊಡೆದ ತಕ್ಷಣ ನೀವು ಕೆಳಗೆ ಎಲ್ಲವನ್ನೂ ಚಾಲೂ ಮಾಡ್ಬೇಕು, ಏನನ್ನೂ ಬಿಡಬಾರ್ದು. ಮಾತು ಕೊಡ್ತೀರಾ? ನಾನು ಇವರ ಮನೆಯಲ್ಲಿ ಪೈಪಿಗೆ ಕಿವಿಯಿಟ್ಟು ಕೂರ್ತೀನಿ. ಒಂದು ಟಕ್ ಕೇಳಿದ್ರೂ ತಿಂಗಳ ಕೊನೆಗೆ ಕೋಣೆ ಖಾಲಿ."

"ಅದು ಹಳೇ ದೂರು, ಇವತ್ತೇ ಏನೂ ಅವಸರ ಇಲ್ಲ" ಎಂದರು ಫ್ರೌ ಶ್ವೆಂಕ್. ಅವರ ಮುಖ ಸ್ವಲ್ಪ ಬಾಡಿದಂತೆ ಕಂಡಿತು. ಅದರ ಅರ್ಥ ಹುಡುಕುವಷ್ಟು ವ್ಯವಧಾನ ನನಗಿರಲಿಲ್ಲ.

"ದೂರು ದೂರೇ" ಎಂದರು ಲೈಬ್ಲೆ.

ನಾನು ಮಾತು ಕೊಟ್ಟೆ. ಸುಳ್ಳು ಹೇಳಿ ಒಂದೆರಡು ಗಾಡಿ ಓಡಿಸಬಹುದಿತ್ತು, ಆದರೆ ಕೊಟ್ಟ ಮಾತು ಕೊಟ್ಟಿದ್ದೇ. ಕೆಳಗಿಳಿದು, ಅಂದು ಬೇಗನೇ ತಪ್ಪಿಸಿಕೊಂಡು ಬಂದಿದ್ದ ಗಾಟ್ಲೋಬನಿಗೆ ಹೇಳಿದಾಗ ಅವನ ಮುಖ ಸುಣ್ಣ ಬಳಿದ ಗೋಡೆಯಾಯಿತು. ರಿಲೇಗಳ ಹಿಂದೆ ತುರುಕಲು ನಮ್ಮ ಹತ್ತಿರ ಇದ್ದದ್ದು ನನ್ನ ಒಂದು ಉಣ್ಣೆ ಸ್ವೆಟರು ಮತ್ತು ಅವನ ಟೋಪಿ. ಎರಡನ್ನೂ ತುರುಕಿದೆವು. ಟಕ್ ಹಾಗೇ ಇತ್ತು, ಸ್ವಲ್ಪ ನೆಗಡಿ ಹಿಡಿದ ಹಾಗೆ ಅಷ್ಟೇ.

"ಗರಗಸ ನನ್ನ ಹತ್ರ ಇದೆ" ಎಂದ ಗಾಟ್ಲೋಬ್. "ಬೇರೆಯವರ ಕೈಲಿ ಕೊಯ್ಸೋದು ಬೇಡ. ನಾವೇ ಕೊಯ್ಯೋಣ."

ನನಗೆ ಅಳು ಬಂತು. ಬಂದದ್ದನ್ನು ಬಂತೆಂದೇ ಹೇಳುತ್ತೇನೆ.

ಊರ ಚರ್ಚು ಒಂದು ಹೊಡೆಯಿತು. ಸ್ವಿಚ್ ಎತ್ತಿದೆ. ಸರಕು ಗಾಡಿ ಹೊರಟಿತು, ಎಕ್ಸ್‌ಪ್ರೆಸ್ ಹೊರಟಿತು, ಗೇಟು ಇಳಿಯಿತು, ಗಿರಣಿ ತಿರುಗಿತು. ಹಲಗೆಯ ಮೇಲೆ ರಿಲೇಗಳೆಲ್ಲ ಒಟ್ಟಿಗೆ ಮಾತಿಗೆ ತೊಡಗಿದವು. ಇಂಥ ಗದ್ದಲ ಅವು ಹಿಂದೆಂದೂ ಮಾಡಿರಲಿಲ್ಲ ಎನಿಸಿತು. ನಾನು ಕಣ್ಣು ಮುಚ್ಚಿಕೊಂಡೆ.

ಟಕ್. ಎಲ್ಲವೂ ನಿಂತಿತು.

"ಮುಗೀತು ಕಥೆ" ಎಂದು ಗಾಟ್ಲೋಬ್ ಪಿಸುಗುಟ್ಟಿದ. "ಇವತ್ತೂ ಕೆಟ್ಟಿತಲ್ಲೋ ದರಿದ್ರದ್ದು. ಓಡಿಸ್ತಾ ಇಲ್ಲ ಅಂತ ಬೈತಾರೆ ಈಗ."

ಹೊರಗೆ ಹೆಜ್ಜೆ ಸಪ್ಪಳವಿರಲಿಲ್ಲ. ಬಾಗಿಲು ಬೆರಳಗಲ ತೆರೆದು ನೋಡಿದೆ. ದೀಪ ಉರಿಯುತ್ತಿತ್ತು. ಟೈಮರ್ ಸರಿಯಾಗಿದೆ ಎಂದು ಲೈಬ್ಲೆ ಈಗ ತಾನೇ ಹತ್ತು ಸಲ ನೋಡಿ ಹೇಳಿದ್ದರು. ಲೈಬ್ಲೆಯ ಕಿವಿ ಪೈಪಿನ ಮೇಲಿದೆ. ನನ್ನ ಟ್ರೂಡೆ ತಂಗಿಯ ಮನೆಗೆ ಹೋಗಿದ್ದಾಳೆ. ಉಳಿದ ಎರಡು ಸಂಸಾರದವರು ಕೆಲಸಕ್ಕೆ ಹೋಗಿದ್ದಾರೆ. ಹಾಗಾದರೆ ಗುಂಡಿಯ ಹತ್ತಿರ ಯಾರಿದ್ದಾರೆ?

ಅರ್ಥವಾದ ಕ್ಷಣ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗಾಟ್ಲೋಬನಿಗೆ ಬೆರಳೆತ್ತಿ ಮೇಲೆ ತೋರಿಸಿದೆ.

ಮೂರು ನಿಮಿಷಕ್ಕೆ ದೀಪ ಆರಿತು. ನಮ್ಮ ರಿಲೇಗಳು ಎದ್ದು ಟಕಟಕ ಎನ್ನುವಷ್ಟರಲ್ಲಿ ಮೇಲೆ ಬಕೆಟೊಂದು ದಬದಬನೆ ಉರುಳಿತು. "ಅಯ್ಯೋ, ಕೈ ಜಾರ್ತು ಹೆರ್ ಲೈಬ್ಲೆ, ನೀವು ಏಳ್ಬೇಡಿ" ಎಂದು ಫ್ರೌ ಶ್ವೆಂಕ್ ಕೂಗಿದರು. ದೀಪ ಮತ್ತೆ ಹತ್ತಿತು. ಕೆಳಗೆ ಮತ್ತೆ ಮೌನ. ಆಮೇಲೆ ಆರುವ ಮುಂಚೆಯೇ ಒತ್ತುವುದನ್ನು ಅವರು ಒಮ್ಮೆಯೂ ಮರೆಯಲಿಲ್ಲ. ತಾಳ ಗೊತ್ತಿದ್ದವರು.

ಕೊನೆಗೆ ಲೈಬ್ಲೆ ಇಳಿದು ಬಂದರು. ದೀಪ ಉರಿಯುತ್ತಲೇ ಇತ್ತು, ರೈಲುಗಳು ನಿಂತೇ ಇದ್ದವು.

"ನಂಗೇನೂ ಕೇಳಿಸಲಿಲ್ಲ. ಆದ್ರೆ ಇವು ನಿಂತಿವೆಯಲ್ಲ, ಯಾಕೆ?"

"ಎಲ್ಲ ಚಾಲೂ ಮಾಡಿದ್ದೀನಿ" ಎಂದು ಸ್ವಿಚ್ ತೋರಿಸಿದೆ. ಅದು ನಿಜ. "ಸಿಗ್ನಲ್ ಕೆಂಪಿದೆ." ಅದೂ ನಿಜ.

ಲೈಬ್ಲೆ ಬಗ್ಗಿ ಸಿಗ್ನಲ್ಲುಗಳನ್ನು ಒಂದೊಂದಾಗಿ ನೋಡಿದರು. ಎಲ್ಲವೂ ಕೆಂಪಗೆ ಮಿನುಗುತ್ತಿದ್ದವು. ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಮೆಚ್ಚುಗೆ ಮೂಡಿತು.

"ಕೆಂಪಿದ್ದಾಗ ನಿಲ್ಲಲೇಬೇಕು" ಎಂದರು. "ಎಲ್ಲರಿಗೂ ಈ ಶಿಸ್ತು ಇದ್ದಿದ್ರೆ ನನ್ನ ಕೆಲಸ ಎಷ್ಟು ಸುಲಭ ಇತ್ತು." ಕಾಗದದ ಮೇಲೆ ದೂರನ್ನು ಅಡ್ಡಗೆರೆ ಎಳೆದು ಹೊಡೆದು ಹಾಕಿ ಹೊರಟುಹೋದರು.

ಬೀದಿಬಾಗಿಲು ಮುಚ್ಚಿದ ಮೇಲೆ ಫ್ರೌ ಶ್ವೆಂಕ್ ಇಳಿದು ಬಂದರು. ಕತ್ತಲಲ್ಲೇ ಬಂದರು, ದೀಪ ಒತ್ತಲಿಲ್ಲ. ಹಾಗಾಗಿ ಅವರು ಬಾಗಿಲು ತೆಗೆದಾಗ ಗಾಡಿಗಳು ಓಡುತ್ತಿದ್ದವು. ಇಷ್ಟು ದಿನದಲ್ಲಿ ಮೊದಲ ಸಲ ಹೊಸ್ತಿಲು ದಾಟಿ, ನಿಂತು, ನೋಡಿದರು.

"ಓ, ಇದನ್ನೋ ನಾನು ನಿಲ್ಲಿಸ್ತಿದ್ದದ್ದು."

"ಯಾವಾಗ ಗೊತ್ತಾಯ್ತು ನಿಮಗೆ?" ಎಂದು ಕೇಳಿದೆ.

"ನಾನು ದೀಪ ಒತ್ತಿದ್ರೆ ಪೈಪು ಬಾಯಿ ಮುಚ್ಚತ್ತೆ, ದೀಪ ಆರಿದ್ರೆ ಮಾತಾಡತ್ತೆ. ಇದನ್ನ ತಿಳ್ಕೊಳ್ಳೋಕೆ ವಿದ್ವತ್ತು ಬೇಕಾ? ಮೊದಲು ನಿಮ್ಮ ಮೇಲೆ ಸಿಟ್ಟಿಗೆ ಒತ್ತಿದೆ. ಆಮೇಲೆ ನೋಡಿ, ಮಧ್ಯಾಹ್ನ ಯಾವಾಗಾಗತ್ತೆ ಅಂತ ಕಾಯೋ ಹಾಗಾಯ್ತು." ಕುಣಿಯುವ ಜೋಡಿಗಳ ಕಡೆ ಬಗ್ಗಿ, "ಒಂದು ಕಾಲದಲ್ಲಿ ನಾನು ಚಪ್ಪಾಳೆ ತಟ್ಟಿದ್ರೆ ಮೂವತ್ತು ಜೋಡಿ ನಿಲ್ತಿತ್ತು. ಈಗ ನಿಲ್ಲೋಕೆ ಯಾರಿದ್ದಾರೆ? ಇವತ್ತು ಆ ಲೈಬ್ಲೆ ಇದನ್ನೂ ಮುಗಿಸಿಬಿಡ್ತಿದ್ದ. ಬೂಟು ಬಿಚ್ಚಿಯೇ ಒಳಗೆ ಬನ್ನಿ ಅಂದೆ. ಅವನು ದಾರದ ಗಂಟು ಬಿಚ್ಚೋ ಅಷ್ಟರಲ್ಲಿ ಒತ್ತಿದೆ."

ಗಾಟ್ಲೋಬನಿಗೆ ಬೇರೊಂದೇ ಚಿಂತೆ.

"ಎಲ್ಲರ ಕರೆಂಟು ಸುಟ್ಟರಲ್ಲ ಫ್ರೌ ಶ್ವೆಂಕ್, ಮನಸ್ಸಾದ್ರೂ ಹೇಗೆ ಬಂತು?"

"ರಾತ್ರಿ ನಿದ್ದೆ ಬರ್ತಿರಲಿಲ್ಲ" ಎಂದರು ಅವರು, ನಿಜವಾದ ಸಂಕಟದಿಂದ. "ಪ್ರಾಯಶ್ಚಿತ್ತಕ್ಕೆ ಮೆಟ್ಟಿಲಿಗೆಲ್ಲ ಹೊಸ ಬಲ್ಬು ನಾನೇ ತಂದು ಹಾಕಿದ್ದೀನಿ. ಇನ್ನು ಅದು ನನ್ನ ಕೈಲಾಗಲ್ಲ. ನನ್ನ ಅಡಿಗೆಮನೇಲಿ ನನ್ನದೇ ಒಂದು ಗುಂಡಿ ಬೇಕು. ಬ್ಯಾಟರೀದು. ಆ ಕುಣಿಯೋರಿಗೂ ಬೇರೆ ಗುಂಡಿ ಬೇಕು, ಅವರು ತಾಳ ತಪ್ಪಿ ತಿರುಗ್ತಿದ್ದಾರೆ. ಇಷ್ಟು ಮಾಡಿದ್ರೆ ಒಂದರಿಂದ ಮೂರರವರೆಗೆ ನನಗೇನೂ ಕೇಳಿಸಲ್ಲ."

ಒಪ್ಪದೆ ವಿಧಿಯಿರಲಿಲ್ಲ. ಪೈಪಿನ ಪಕ್ಕದಲ್ಲೇ ಎರಡು ತಂತಿ ಮೇಲೇರಿದವು, ಹಲಗೆಯ ಮೇಲೆ ಅವರ ಹೆಸರಿನ ಎರಡು ರಿಲೇ ಬಂದವು. ಅಂದಿನಿಂದ ನನ್ನ ರೈಲು ನನ್ನದು, ಸಿಗ್ನಲ್ ಅವರದು. ಕಾಫಿ ಕುಡಿಯುವಾಗ ನಿಲ್ಲಿಸುತ್ತಾರೆ, ಬೇಜಾರಾದಾಗ ನಿಲ್ಲಿಸುತ್ತಾರೆ, ನಾವು ಖುಷಿಯಲ್ಲಿದ್ದೇವೆ ಎಂಬ ಅನುಮಾನ ಬಂದಾಗಂತೂ ಖಂಡಿತ ನಿಲ್ಲಿಸುತ್ತಾರೆ.

ಒಂದು ತಿಂಗಳು ಸಹಿಸಿದೆವು. ಮನುಷ್ಯ ಎಷ್ಟೆಂದು ಸಹಿಸುತ್ತಾನೆ? ಒಂದು ಮಧ್ಯಾಹ್ನ ಗಾಟ್ಲೋಬ್ ಬಾಯಿ ಬಿಡದೆ ಇನ್ನೊಂದು ರಿಲೇ ಸೇರಿಸಿದ. ಅವರು ಅಲ್ಲಿ ಎಷ್ಟೇ ಒತ್ತಲಿ, ಇಲ್ಲಿ ಉಳಿದ ರಿಲೇಗಳೆಲ್ಲ ಬಾಯಿ ಮುಚ್ಚಿಕೊಂಡರೂ ಎಕ್ಸ್‌ಪ್ರೆಸ್ಸಿಗೆ ಮಾತ್ರ ಕಳ್ಳದಾರಿಯಲ್ಲಿ ಕರೆಂಟು ಸಿಗಬೇಕು. ಅದಕ್ಕೆ ಹತ್ತಿ ಸುತ್ತಿ, ದಪ್ಪ ಉಣ್ಣೆಬಟ್ಟೆ ಸುತ್ತಿ, ಗೋಡೆಯಿಂದ ದೂರ ದಾರದಲ್ಲಿ ನೇತುಹಾಕಿದ. ಮೇಲಿನಿಂದ ಕೆಂಪು ಬಂತು. ಎಲ್ಲವೂ ನಿಂತಿತು. ಎಕ್ಸ್‌ಪ್ರೆಸ್ ಮಾತ್ರ ರಾಜನ ಹಾಗೆ ಸೇತುವೆ ದಾಟಿತು. ನಾವು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕುಣಿದೆವು.

ರೈಲು ಸುರಂಗ ಹೊಕ್ಕು ಹೊರಬರುವಷ್ಟರಲ್ಲಿ ಫ್ರೌ ಶ್ವೆಂಕ್ ಬಾಗಿಲಲ್ಲಿದ್ದರು. ಅವರ ಕೈಯಲ್ಲಿ ಮೆಟ್ಟಿಲು ಒರೆಸುವ ಸರದಿಯ ಫಲಕವಿತ್ತು.

"ಹೆರ್ ಹೆಗೆಲೆ, ಪೈಪಿನಲ್ಲಿ ಕೇಳಿಸಿದ ಆ ಹೊಸ ಹೆಜ್ಜೆ ಯಾರದು?" ಎಂದರು.

ಆ ತಪ್ಪಿಗೆ ದಂಡವಾಗಿ ಅಂದಿನಿಂದ ಅವರ ಸರದಿಯಲ್ಲೂ ಫಲಕ ನನ್ನ ಬಾಗಿಲಲ್ಲೇ ತೂಗುತ್ತದೆ. ನನ್ನ ವಾರ ಹೆಗೆಲೆಗೆ, ಅವರ ವಾರವೂ ಹೆಗೆಲೆಗೆ. ಕೆಳಗೆ ಗಾಟ್ಲೋಬ್ ಒಬ್ಬನೇ ರೈಲು ಓಡಿಸುತ್ತ, ನಾನು ಎರಡನೆಯ ಮಹಡಿಯ ಮೆಟ್ಟಿಲು ಒರೆಸುತ್ತಿರುವಾಗ ಅವರು ಅಡಿಗೆಮನೆಯ ಬಾಗಿಲು ತೆರೆದಿಟ್ಟು, ನನಗೆ ಕಾಣುವ ಹಾಗೆ, ಗುಂಡಿ ಒತ್ತುತ್ತಾರೆ.